ಚಂದ್ರಮತಿ ಮೇಡಂ ಅವರ ಏದುಸಿರು

ನಮ್ಮೂರಿನ ಬಸ್ ಸ್ಟ್ಯಾಂಡಿನಲ್ಲಿ ಬಸ್ ಹತ್ತುವ ಮುದುಕರು ಪಕ್ಕದಲ್ಲಿ ನಿಂತವರ ಕೈಗೆ ಚೀಲ ಕೊಡುತ್ತಾರೆ, ಜೊತೆಗೆ ಮಂಡಿನೋವನ್ನೂ ಕೊಡುತ್ತಾರೆ. "ಒಂಚೂರು ಹಿಡ್ಕೊಳಪ್ಪ, ಹತ್ತಿ ಕೂತು ಇಸ್ಕೋತೀನಿ" ಎನ್ನುತ್ತಾರೆ. ಅಂಗೈಗೆ ಅಂಗೈ ತಾಗಿಸಿದರೆ ಆಯಿತು. ಸೀಟು ಸಿಕ್ಕ ಮೇಲೆ ಕಿಟಕಿಯಿಂದ ಕೈ ಚಾಚಿ ವಾಪಸು ಪಡೆಯುತ್ತಾರೆ. ಕೆಲವರು ಮರೆತು ಹೊರಟುಬಿಡುವುದೂ ಉಂಟು. ಆಗ ಹಿಡಿದುಕೊಂಡವನು ಕುಂಟುತ್ತ ಬಸ್ಸಿನ ಹಿಂದೆ ಓಡಬೇಕಾಗುತ್ತದೆ. ರೋಗ ಮಾತ್ರ ಹೀಗೆ ಕೈ ಬದಲಾಯಿಸುವುದಿಲ್ಲ, ಅದು ಯಾರದೋ ಅವರಲ್ಲೇ ಇರುತ್ತದೆ. ನೋವು, ಕೆಮ್ಮು, ತಲೆಸುತ್ತು, ಏದುಸಿರು ಇಂಥವನ್ನಷ್ಟೇ ಒಬ್ಬರದನ್ನು ಇನ್ನೊಬ್ಬರು ಸ್ವಲ್ಪ ಹೊತ್ತು ಹಿಡಿದುಕೊಳ್ಳಬಹುದು. ಊರು ಇರುವುದು ಗುಡ್ಡದ ಮೈಮೇಲೆ. ಪೇಟೆ ಕೆಳಗೆ, ಮನೆಗಳು ಮೇಲೆ, ನಡುವೆ ನಾವು ಬೀದಿ ಎಂದು ಕರೆಯುವುದೆಲ್ಲ ಮೆಟ್ಟಿಲೇ. ಈ ಅನುಕೂಲ ಇಲ್ಲದಿದ್ದರೆ ನಮ್ಮಲ್ಲಿ ವಯಸ್ಸಾದವರು ಯಾರೂ ಸಂತೆಗೆ ಇಳಿಯುತ್ತಿರಲಿಲ್ಲ. ಸರ್ಕಾರಿ ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ಹೆಸರಿಗಿಂತ ಮೊದಲು "ಸ್ವಂತದ್ದೋ, ಹಿಡ್ಕೊಂಡಿದ್ದೋ?" ಎಂದು ಕೇಳುತ್ತಾರೆ.

ಹೈಸ್ಕೂಲಿನಲ್ಲಿ ಡ್ರಿಲ್ ಟೀಚರ್ ಆಗಿದ್ದ ಚಂದ್ರಮತಿ ಮೇಡಂ ಈ ವ್ಯವಹಾರದಲ್ಲಿ ಯಾವಾಗಲೂ ತೆಗೆದುಕೊಳ್ಳುವ ಕಡೆಯವರು. ಓಟದ ದಿನ ಯಾವ ಹುಡುಗಿಗೆ ಪಕ್ಕೆ ಹಿಡಿದರೂ ಆ ನೋವನ್ನು ಇವರೇ ತೆಗೆದುಕೊಂಡು ಗೆರೆಯಾಚೆ ನೆಟ್ಟಗೆ ನಿಂತಿರುತ್ತಿದ್ದರು. ಪರೀಕ್ಷೆಯ ದಿನ ಯಾರದೋ ಹಲ್ಲುನೋವು, ಯಾರದೋ ಹೊಟ್ಟೆನೋವು ಅವರ ಹತ್ತಿರ ಇರುತ್ತಿತ್ತು. ತಮ್ಮದನ್ನು ಮಾತ್ರ ಯಾರಿಗೂ ಕೊಟ್ಟವರಲ್ಲ. ರಿಟೈರ್ ಆದ ಮೇಲೂ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ, ಬಿಳಿ ಸಾಕ್ಸು. ಗಂಡ ಕೊಟ್ರಪ್ಪನವರು ಮನೆಯ ಮುಂದಿನ ಕೋಣೆಯಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಮಾಡುತ್ತಾರೆ. ಅವರ ಮಹಡಿಯಲ್ಲಿ ಬಾಡಿಗೆಗಿರುವವಳು ನಾನು. ಕೆಳಗಿನ ಮಾತು ಮೇಲೆ ಕೇಳಿಸುತ್ತದೆ, ಕೇಳಿಸದ್ದನ್ನು ಮೇಡಂ ಆಮೇಲೆ ಕರೆದು ಹೇಳುತ್ತಾರೆ. ಹೀಗಾಗಿ ಈ ಕಥೆ ನನಗೆ ಪೂರ್ತಿ ಗೊತ್ತು.

ಒಂದು ದಿನ ತರಕಾರಿ ತರುವಾಗ ಮೆಟ್ಟಿಲಿನ ಎರಡನೇ ತಿರುವಿನಲ್ಲಿ ಮೇಡಂ ಕುಳಿತರು. ಕುಳಿತದ್ದು ಯಾಕೆಂದು ಅವರಿಗೇ ಅರ್ಥವಾಗಲಿಲ್ಲ. ಮರುದಿನ ಮೊದಲನೇ ತಿರುವಿನಲ್ಲೇ ಕುಳಿತರು. ಆ ವಾರ ಮಲಗಿದರೆ ಎದೆಯ ಮೇಲೆ ಯಾರೋ ಕೂತ ಹಾಗಾಗಿ ದಿಂಬಿನ ಮೇಲೆ ದಿಂಬು ಇಟ್ಟುಕೊಂಡರು. ಕೊಟ್ರಪ್ಪನವರು ಆಸ್ಪತ್ರೆಗೆ ಕರೆದುಕೊಂಡು ಹೋದರು. ಬೇರೆ ಊರಿಂದ ಬಂದು ನಮ್ಮ ಪದ್ಧತಿಗೆ ಆಗಷ್ಟೇ ಹೊಂದಿಕೊಳ್ಳುತ್ತಿದ್ದ ಡಾಕ್ಟರ್ ನಿವೇದಿತಾ ಎದೆಯ ಸ್ಕ್ಯಾನ್ ಮಾಡಿಸಿ, ಹಾರ್ಟ್ ಫೇಲ್ಯೂರ್ ಎಂದರು.

"ಫೇಲಾ?" ಎಂದರು ಮೇಡಂ. ಆ ಶಬ್ದ ಅವರ ವಿಷಯದಲ್ಲಿ ಯಾರೂ ಆಡಿರಲಿಲ್ಲ.

"ನಿಂತುಹೋಗಿದೆ ಅಂತಲ್ಲ ಮೇಡಂ. ಪಂಪ್ ಸೋತಿದೆ, ಎಳೆಯೋ ಶಕ್ತಿ ಕಮ್ಮಿ. ನೀರು ಹಿಂದೆ ಉಳೀತದೆ, ಕಾಲಿಗೆ ಇಳೀತದೆ, ಶ್ವಾಸಕೋಶದಲ್ಲಿ ತುಂಬ್ತದೆ. ಮಾತ್ರೆ, ಉಪ್ಪು, ನೀರು ಮೂರನ್ನೂ ಲೆಕ್ಕದಲ್ಲಿ ಇಟ್ಕೊಂಡ್ರೆ ಎಷ್ಟೋ ವರ್ಷ ಚೆನ್ನಾಗಿರಬಹುದು. ಆದ್ರೆ ದಿನಾ ನೋಡ್ಕೋಬೇಕು. ನಾನು ನೋಡೋದಲ್ಲ, ನೀವೇ ನೋಡ್ಕೋಬೇಕು."

ಹಾಗೆಂದು ಮೇಡಂ ಅವರ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟರು. ಅದನ್ನು ಮಾಡಿದವರು ಯಾವುದೋ ದೊಡ್ಡ ನಗರದವರು. ಬೆಳಿಗ್ಗೆ ಎದ್ದ ಕೂಡಲೇ ಒಂದು ಹೆಣ್ಣುದನಿ ಮಾತಾಡುತ್ತಿತ್ತು. "ಶುಭೋದಯ. ದಯವಿಟ್ಟು ತಮ್ಮ ತೂಕವನ್ನು ದಾಖಲಿಸಿ." ಆಮೇಲೆ ಮಾತ್ರೆ ತೆಗೆದುಕೊಂಡಿರಾ, ಪಾದಗಳಲ್ಲಿ ಊತವಿದೆಯೇ, ಉಸಿರಾಟದ ತೊಂದರೆಯಿದೆಯೇ ಎಂಬ ಪ್ರಶ್ನೆಗಳು. ಎಲ್ಲ ಸರಿಯಿದ್ದರೆ ಪರದೆ ಹಸಿರು, ಹೆಚ್ಚುಕಮ್ಮಿಯಾದರೆ ಹಳದಿ, ತೀರಾ ಆದರೆ ಕೆಂಪು. ಕೆಂಪಾದರೆ ಆಸ್ಪತ್ರೆಗೆ ಅದೇ ಫೋನ್ ಮಾಡುತ್ತದೆ.

ಮೇಡಂ ಅವರಿಗೆ ಆ್ಯಪ್ ಬಹಳ ಹಿಡಿಸಿತು. ಜೀವಮಾನವಿಡೀ ಅವರು ಊರಿನ ಹಾಜರಿ ಕೂಗಿದವರು, ಈಗ ಅವರ ಹಾಜರಿ ಕೂಗುವವರೊಬ್ಬರು ಸಿಕ್ಕಿದ್ದರು. ಪ್ರಶ್ನೆ ಕೇಳುವಾಗ ಎದ್ದು ನಿಂತೇ ಉತ್ತರ ಕೊಡುತ್ತಿದ್ದರು. ಮನೆಯಲ್ಲಿ ಉಪ್ಪಿನಕಾಯಿ ಜಾಡಿ ಮಹಡಿಗೆ, ಅಂದರೆ ನನ್ನ ಅಡುಗೆಮನೆಗೆ ಬಂತು. ಹಪ್ಪಳ, ಸಂಡಿಗೆಯೂ ಹಿಂದೆಯೇ ಬಂದವು. ಕೊಟ್ರಪ್ಪನವರು ಆಗಾಗ ಏನೋ ನೆಪ ಮಾಡಿಕೊಂಡು ಮೇಲೆ ಬಂದು ಒಂದು ಹೋಳು ಬಾಯಿಗೆ ಹಾಕಿಕೊಂಡು ಹೋಗುತ್ತಿದ್ದರು.

ಉಸಿರು ಮಾತ್ರ ಮೆಟ್ಟಿಲಿನ ಹತ್ತಿರ ಬಂದರೆ ಕೈಕೊಡುತ್ತಿತ್ತು. ಅದೇ ಹೊತ್ತಿಗೆ ಹೈಸ್ಕೂಲಿನ ಹೆಡ್‌ಮಾಸ್ತರು ಮನೆಗೆ ಬಂದರು. ಡ್ರಿಲ್ ಟೀಚರ್ ಹುದ್ದೆ ಖಾಲಿ ಬಿದ್ದಿದೆ, ತಾಲೂಕು ಪಥಸಂಚಲನಕ್ಕೆ ಹುಡುಗಿಯರನ್ನು ತಯಾರು ಮಾಡುವವರಿಲ್ಲ, ನೀವೇ ಬರಬೇಕು ಎಂದರು. ಮೇಡಂ ಒಂದು ಮಾತೂ ಕೇಳದೆ ಒಪ್ಪಿಕೊಂಡರು. ಮೊದಲ ದಿನ ಮೈದಾನದಿಂದ ವಾಪಸಾಗುವಾಗ ಮೆಟ್ಟಿಲಲ್ಲಿ ಕುಳಿತಿದ್ದವರನ್ನು ಆಟೋ ಓಡಿಸುವ ದಾದಾಪೀರ್ ಕಂಡ. ಅವನು ಅವರ ಹಳೆಯ ಶಿಷ್ಯ. ಹತ್ತಿರ ಬಂದು ಅಂಗೈ ಚಾಚಿದ.

"ಕೈ ಕೆಳಗಿಳಿಸು" ಎಂದರು ಮೇಡಂ.

"ಎಂಟನೇ ಕ್ಲಾಸಲ್ಲಿ ನನ್ನ ಹಲ್ಲುನೋವು ಪರೀಕ್ಷೆ ಮುಗಿಯೋ ತನಕ ಯಾರ ಹತ್ರ ಇತ್ತು ಮೇಡಂ?"

"ಅದು ಬೇರೆ."

"ಏನು ಬೇರೆ? ಕೊಡ್ರಿ ಇಲ್ಲಿ."

ಮೇಡಂ ಸುತ್ತ ನೋಡಿದರು. ಯಾರೂ ಇರಲಿಲ್ಲ. ಅಂಗೈ ತಾಗಿಸಿದರು. ಎದೆಯ ಮೇಲಿನ ಕಲ್ಲು ಎತ್ತಿದ ಹಾಗಾಯಿತು. ದಾದಾಪೀರ್ ಒಮ್ಮೆ ಬಾಯಿ ತೆರೆದು ಮುಚ್ಚಿ, ಎರಡು ಸಲ ಜೋರಾಗಿ ಉಸಿರೆಳೆದುಕೊಂಡು ನಕ್ಕ. "ಇಷ್ಟೇನಾ? ಹಗುರ ಇದೆ ಬಿಡ್ರಿ."

ಅವನು ಅದನ್ನು ತನ್ನಲ್ಲೇ ಇಟ್ಟುಕೊಳ್ಳಲಿಲ್ಲ, ಸುದ್ದಿಯನ್ನು. ವಾರದೊಳಗೆ ಹಳೆಯ ವಿದ್ಯಾರ್ಥಿಗಳದೊಂದು ವಾಟ್ಸಾಪ್ ಗುಂಪಾಯಿತು. ಬೆಳಗಿನ ಪಾಳಿ ಬ್ಯಾಂಕಿನ ಶೈಲಜಾಳದು, ಮಧ್ಯಾಹ್ನ ಮತ್ತು ಸಂಜೆ ದಾದಾಪೀರನದು, ಮಲಗುವ ಹೊತ್ತಿನದು ಗೋಡೌನ್ ವಾಚ್‌ಮನ್ ತಿಪ್ಪೇಶಿಯದು. ಅವನು ಹೇಗೂ ಎದ್ದೇ ಇರಬೇಕಾದವನು. ನಡುವೆ ಯಾರಿಗಾದರೂ ಮದುವೆಯೋ ಮುಂಜಿಯೋ ಬಂದರೆ ಬದಲಿಗೆ ನಿಲ್ಲುವವರು ಬೇಕಾದಷ್ಟು ಜನ. ನನಗೆ ಆಸ್ತಮಾ ಇರುವುದರಿಂದ ಗುಂಪಿಗೆ ಸೇರಿಸಿಕೊಳ್ಳಲಿಲ್ಲ. ಮೇಡಂ ಮೊದಲು ಮುಜುಗರಪಟ್ಟರು, ಆಮೇಲೆ ಒಗ್ಗಿಕೊಂಡರು. ಹುಡುಗಿಯಾಗಿದ್ದಾಗಿನ ಹಾಗೆ ಮೆಟ್ಟಿಲು ಹತ್ತಿ ಇಳಿಯತೊಡಗಿದರು. ಮೈದಾನದಲ್ಲಿ ಅವರ ಲೆಫ್ಟ್ ರೈಟ್ ಪೇಟೆಯವರೆಗೆ ಕೇಳಿಸುತ್ತಿತ್ತು. ಆ್ಯಪ್ ದಿನವೂ ಹಸಿರಾಗಿ "ತಮ್ಮ ಆರೋಗ್ಯ ಸಮರ್ಪಕವಾಗಿದೆ" ಎನ್ನುತ್ತಿತ್ತು.

ಗಂಡನಿಗೆ ಮಾತ್ರ ಪಾಳಿ ಕೊಟ್ಟಿರಲಿಲ್ಲ.

"ನಂಗೂ ಒಂದ್ಸಲ ಕೊಡೇ. ಊರವರೆಲ್ಲ ಹೊರ್ತಾ ಇದಾರೆ. ನಾನೇನು ಪಾಪ ಮಾಡಿದೀನಿ?" ಎಂದು ಕೊಟ್ರಪ್ಪನವರು ಕೇಳಿದ್ದು ನನಗೇ ಕೇಳಿಸಿತು.

"ನಿಮಗೆ ಬೇಡ."

"ಯಾಕೆ?"

"ನಿಮ್ಮ ಮುಖ ನೋಡಕ್ಕಾಗಲ್ಲ."

ಅದು ನಿಜ. ಕೊಟ್ರಪ್ಪನವರ ಮುಖದಲ್ಲಿ ಏನೂ ನಿಲ್ಲುವುದಿಲ್ಲ. ಮಿಕ್ಸಿಯ ಮೋಟಾರು ಸುಟ್ಟಿದ್ದರೆ ಅವರು ಬಾಯಿ ಬಿಡುವ ಮೊದಲೇ ಗಿರಾಕಿ ಹೊಸದನ್ನು ಕೊಳ್ಳುವ ಯೋಚನೆ ಶುರುಮಾಡಿರುತ್ತಾನೆ. ಮೇಡಂ ತಮ್ಮ ಉಸಿರು ಆ ಮುಖದ ಮೇಲೆ ಹೇಗೆ ಕಾಣುತ್ತದೆಂದು ನೋಡಲು ತಯಾರಿರಲಿಲ್ಲ. ಕೊಟ್ರಪ್ಪನವರು ಮತ್ತೆ ಕೇಳಲಿಲ್ಲ. ಆದರೆ ಅಂದಿನಿಂದ ಶೈಲಜಾ ಬಂದಾಗ ಕಾಫಿ ಬೇಕಾ ಎಂದು ಕೇಳುವುದನ್ನು ನಿಲ್ಲಿಸಿದರು.

ಒಂದು ತಿಂಗಳು ಕಳೆದಿರಬಹುದು. ಒಂದು ಬೆಳಿಗ್ಗೆ ಪರದೆ ಹಳದಿಯಾಯಿತು. "ತಮ್ಮ ತೂಕದಲ್ಲಿ ಏರಿಕೆ ಕಂಡುಬಂದಿದೆ. ತಮ್ಮ ಪಾದಗಳಲ್ಲಿ ಊತವಿದೆಯೇ?" ಸಾಕ್ಸು ಎರಡು ದಿನದಿಂದ ಬಿಗಿಯುತ್ತಿತ್ತು. ಹೊಸ ಸೋಪಿನ ಪುಡಿಯಿಂದ ಕುಗ್ಗಿದೆ ಎಂದು ಮೇಡಂ ತೀರ್ಮಾನಿಸಿ ಇಲ್ಲ ಎಂದು ಒತ್ತಿದರು. "ಉಸಿರಾಟದ ತೊಂದರೆಯಿದೆಯೇ?" ಇದಕ್ಕೆ ಯೋಚಿಸಬೇಕಾಗಿಯೇ ಇರಲಿಲ್ಲ. ಉಸಿರು ಇನ್ನೂ ಗೋಡೌನಿನಲ್ಲಿ ತಿಪ್ಪೇಶಿಯ ಹತ್ತಿರವೇ ಇತ್ತು. ಇಲ್ಲ. "ಸಂತೋಷ. ಉಪ್ಪು ಹಾಗೂ ನೀರಿನ ಸೇವನೆಯ ಬಗ್ಗೆ ಗಮನವಿರಲಿ." ಹೆಡ್‌ಮಾಸ್ತರ ಮನೆಯ ನಾಮಕರಣದಲ್ಲಿ ಹೋಳಿಗೆ ಊಟ ಮಾಡಿದ್ದು ನೆನಪಾಗಿ ಮೇಡಂ ಅಂದು ಸಾರು ಬಿಟ್ಟರು. ಮರುದಿನವೂ ಹಳದಿ, ಆ ಮರುದಿನವೂ. ಹಳದಿಗೂ ಅವರು ಒಗ್ಗಿಕೊಂಡರು.

ಅತ್ತ ಬ್ಯಾಂಕಿನಲ್ಲಿ ಶೈಲಜಾ ಟೋಕನ್ ಕೂಗುವಾಗ ನಡುವೆ ನಿಲ್ಲಿಸತೊಡಗಿದ್ದಳು. ತಿಪ್ಪೇಶಿ ಗೋಡೌನ್ ಸುತ್ತು ಹಾಕುವುದನ್ನು ಬಿಟ್ಟು ಕುರ್ಚಿಯಲ್ಲೇ ಕುಳಿತಿರುತ್ತಿದ್ದ. ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ. ತನಗೇ ಮೈ ಸೋತಿದೆ, ವಯಸ್ಸಾಯಿತು ಎಂದು ಒಬ್ಬೊಬ್ಬರೂ ಅಂದುಕೊಂಡರು. ಮೇಡಂ "ಹೆಂಗಿದೆ?" ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ, "ಹಗುರ ಮೇಡಂ." ಮೈದಾನದ ನಡುವೆ ನಿಂತು ಅವರಿಂದ ಬೈಸಿಕೊಂಡವರು ಇವರೆಲ್ಲ. ಆಗಲ್ಲ ಮೇಡಂ ಎನ್ನುವುದನ್ನು ಅವರು ಕಲಿತೇ ಇರಲಿಲ್ಲ.

ಪಥಸಂಚಲನಕ್ಕೆ ಒಂದು ವಾರ ಇರುವಾಗ ದಾದಾಪೀರ್ ಪೇಟೆ ಸರ್ಕಲ್ಲಿನಲ್ಲಿ ಆಟೋ ನಿಲ್ಲಿಸಿ ಹ್ಯಾಂಡಲ್ ಮೇಲೆ ತಲೆಯಿಟ್ಟ. ಹಿಂದೆ ಕುಳಿತಿದ್ದ ಹೆಂಗಸು ಕೂಗಿಕೊಂಡಳು. ಬಾಳೆಹಣ್ಣಿನವರು ಅವನನ್ನು ಎತ್ತಿ ಆಸ್ಪತ್ರೆಗೆ ಹಾಕಿದರು. ತುಟಿ ಬಣ್ಣಗೆಟ್ಟಿತ್ತು, ಕೌಂಟರಿನವನು ಕೇಳಿದ್ದಕ್ಕೆ ಉತ್ತರಿಸಲು ಉಸಿರಿರಲಿಲ್ಲ. ಡಾಕ್ಟರ್ ನಿವೇದಿತಾ ಇಸಿಜಿ ತೆಗೆದರು, ಎದೆಗೆ ಕಿವಿಗೊಟ್ಟರು. ಎಲ್ಲ ಗಡಿಯಾರದ ಹಾಗೆ ನಡೆಯುತ್ತಿತ್ತು. ಆಗ ಅವರಿಗೆ ಹೊಳೆಯಿತು.

"ಇದು ಯಾರದು?"

ದಾದಾಪೀರ್ ಬೆರಳಿನಿಂದ ಗುಡ್ಡದ ಮೇಲಕ್ಕೆ ತೋರಿಸಿದ.

"ಪೂರ್ತಿನಾ?"

"ಮೂರನೇ ಒಂದು ಪಾಲು" ಎಂದು ಅವನು ತುಂಡು ತುಂಡಾಗಿ ಹೇಳಿದ. ಆ ದಿನ ಮೇಡಂ ಬೆಳಗಿನಿಂದ ಸಂಜೆಯವರೆಗೆ ಅಭ್ಯಾಸ ಮಾಡಿಸುವವರಿದ್ದರು. ಹಾಗಾಗಿ ಪಾಳಿ ಬಿಟ್ಟು ಮೂರೂ ಜನ ಒಟ್ಟಿಗೆ ಹಂಚಿಕೊಂಡಿದ್ದರು.

ಡಾಕ್ಟರ್ ಫೋನ್ ಮಾಡಿದಾಗ ಮೇಡಂ ಮೈದಾನದಲ್ಲಿದ್ದರು. ಪೂರ್ತಿ ಕೇಳಿಸಿಕೊಂಡರು. ಹುಡುಗಿಯರನ್ನು ಮನೆಗೆ ಕಳಿಸಿದರು. ಗುಂಪಿಗೆ ಒಂದೇ ಸಾಲು ಬರೆದರು, "ಎಲ್ಲರೂ ಈಗಲೇ ಮೈದಾನಕ್ಕೆ ಬನ್ನಿ." ಶೈಲಜಾ ಬ್ಯಾಂಕಿನಿಂದ ಬಂದಳು, ತಿಪ್ಪೇಶಿ ನಿದ್ದೆಗಣ್ಣಲ್ಲಿ ಬಂದ, ದಾದಾಪೀರ್ ಡಾಕ್ಟರ ಮಾತು ಕೇಳದೆ ಬೇರೊಬ್ಬ ಓಡಿಸಿದ ತನ್ನ ಆಟೋದಲ್ಲೇ ಬಂದ. ಸುದ್ದಿ ಕೇಳಿ ಕೊಟ್ರಪ್ಪನವರೂ ನಾನೂ ಓಡಿದೆವು. ನನಗೆ ಓಡಲು ಆಗುವುದಿಲ್ಲ, ಆದರೂ ಓಡಿದೆ.

ಮೂವರೂ ಬೇವಿನ ಮರದ ಕೆಳಗೆ ಸಾಲಾಗಿ ನಿಂತಿದ್ದರು. ಯಾರೂ ನಿಲ್ಲಿ ಎಂದಿರಲಿಲ್ಲ.

"ಎಷ್ಟು ದಿನದಿಂದ ಭಾರ ಆಗಿದೆ?" ಎಂದರು ಮೇಡಂ.

ಮೂವರೂ ಸಾಲನ್ನು ಇನ್ನಷ್ಟು ನೇರ ಮಾಡಿಕೊಂಡರು.

"ಶೈಲಜಾ."

"ಎರಡು ವಾರ ಮೇಡಂ."

"ಹಗುರ ಅಂದ್ಯಲ್ಲೇ."

"ನೀವು ಖುಷಿಯಾಗಿದ್ರಿ ಮೇಡಂ" ಎಂದು ಶೈಲಜಾ ಅಳತೊಡಗಿದಳು.

"ಬೆಳಿಗ್ಗೆ ಎದ್ದ ಕೂಡ್ಲೆ ಆ ಆ್ಯಪ್ ಕೇಳತ್ತೆ, ನಿಮಗೆ ಉಸಿರಾಟದ ತೊಂದರೆ ಇದೆಯಾ ಅಂತ. ನಾನು ಎದ್ದು ನಿಂತು ಇಲ್ಲ ಅಂತೀನಿ. ನನ್ನ ಬಾಯಲ್ಲಿ ಸುಳ್ಳು ಹೇಳಿಸಿದ್ರಲ್ಲೋ ನೀವೆಲ್ಲ." ಮೇಡಂ ಹೆಡ್‌ಮಾಸ್ತರ ಕುರ್ಚಿ ತರಿಸಿ ಕುಳಿತರು. ಅಂಗೈ ಚಾಚಿದರು. "ಕೊಡಿ. ಒಬ್ಬೊಬ್ಬರಾಗಿ."

ಶೈಲಜಾ ಕೊಟ್ಟಳು. ಮೇಡಂ ಅವರ ಬೆನ್ನು ಕುರ್ಚಿಗೆ ಒರಗಿತು. ತಿಪ್ಪೇಶಿ ಕೊಟ್ಟ. ಅವರ ಭುಜಗಳು ಏರಿಳಿಯತೊಡಗಿದವು, ಕತ್ತಿನ ನರಗಳು ಎದ್ದು ಕಂಡವು. ದಾದಾಪೀರ್ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತ. "ನಂದು ನಾನು ಕೊಡಲ್ಲ" ಎಂದ.

"ಅದು... ನಿಂದಲ್ಲ" ಎಂದರು ಮೇಡಂ. ಅಷ್ಟು ಹೇಳುವುದಕ್ಕೆ ಎರಡು ಸಲ ನಿಲ್ಲಿಸಬೇಕಾಯಿತು. ದಾದಾಪೀರ್ ಕೊಟ್ಟ.

ನಾನು ಆಸ್ತಮಾ ಇರುವವಳು, ಉಸಿರು ಸಿಗದಿರುವುದು ಏನೆಂದು ಬಲ್ಲವಳು. ಆದರೂ ಅಂಥ ಸದ್ದನ್ನು ಕೇಳಿರಲಿಲ್ಲ. ಒದ್ದೆ ಬಟ್ಟೆಯೊಳಗಿಂದ ಗಾಳಿ ಎಳೆದ ಹಾಗಿತ್ತು. ಕೊಟ್ರಪ್ಪನವರು ನೆಲದ ಮೇಲೆ ಕೂತು ಹೆಂಡತಿಯ ಶೂ ಬಿಚ್ಚಿದರು, ಸಾಕ್ಸು ಎಳೆದರು. ಪಾದ ಉಬ್ಬಿ ಮಿರುಗುತ್ತಿತ್ತು, ಸಾಕ್ಸಿನ ಗೆರೆ ಬಳೆಯ ಹಾಗೆ ಒಳಕ್ಕೆ ಇಳಿದಿತ್ತು. ಅವರು ಬಾಯಿಬಿಟ್ಟು ಹೇಳುವ ಅಗತ್ಯ ಇರಲಿಲ್ಲ, ಮುಖ ಇತ್ತಲ್ಲ. ಮೇಡಂ ಆ ಮುಖವನ್ನು ನೋಡಿದರು. ಫೋನ್ ಎತ್ತಿಕೊಂಡು ತಾವಾಗಿಯೇ ಆ್ಯಪ್ ತೆರೆದರು.

"ಶುಭ ಸಂಜೆ. ತಮ್ಮ ಪಾದಗಳಲ್ಲಿ ಊತವಿದೆಯೇ?" ಹೌದು. "ಉಸಿರಾಟದ ತೊಂದರೆಯಿದೆಯೇ?" ಹೌದು. ಪರದೆ ಕೆಂಪಾಯಿತು. "ದಯವಿಟ್ಟು ಗಾಬರಿಯಾಗಬೇಡಿ" ಎಂದಿತು ದನಿ, ಆಸ್ಪತ್ರೆಗೆ ಫೋನ್ ಹೋಯಿತು. ಆಂಬುಲೆನ್ಸ್ ಬರುವವರೆಗೆ ಯಾರೂ ಕಾಯಲಿಲ್ಲ. ದಾದಾಪೀರನ ಎದೆ ಈಗ ಖಾಲಿಯಾಗಿತ್ತು, ಆಟೋವನ್ನು ಅವನು ಹಾರಿಸಿಕೊಂಡು ಹೋದ.

ಆಸ್ಪತ್ರೆಯಲ್ಲಿದ್ದ ಆ ಒಂದು ವಾರ ಮೇಡಂ ಅವರ ಮಂಚದ ಮೇಲೆ ಡಾಕ್ಟರ್ ಒಂದು ಬೋರ್ಡು ತೂಗುಹಾಕಿಸಿದರು. 'ಈ ರೋಗಿಯ ಏದುಸಿರನ್ನು ಯಾರೂ ತೆಗೆದುಕೊಂಡು ಹೋಗಬಾರದು.' ನೋಡಲು ಬಂದವರು ಕೈ ಜೇಬಿನಲ್ಲಿಟ್ಟುಕೊಂಡು ನಿಲ್ಲುತ್ತಿದ್ದರು. ಇಂಜೆಕ್ಷನ್ನಿನಿಂದ ನೀರು ಇಳಿಯಿತು, ಪಾದದ ಮೂಳೆ ಕಂಡಿತು. ಆಕ್ಸಿಜನ್ ನಳಿಗೆ ಮೂಗಿನಿಂದ ಹೊರಬಂದ ದಿನವೇ ಪಥಸಂಚಲನ ನಡೆದು ಹುಡುಗಿಯರಿಗೆ ಎರಡನೇ ಬಹುಮಾನ ಬಂತು. ಎಡಗಾಲು ಯಾರು ತಪ್ಪಿಸಿದ್ದು ಎಂದು ಮೇಡಂ ಫೋನಿನಲ್ಲಿ ವಿಚಾರಣೆ ನಡೆಸಿದರು.

ಮನೆಗೆ ಕಳಿಸುವ ದಿನ ಡಾಕ್ಟರ್ ಹತ್ತಿರ ಬಂದು ಕೂತರು. "ಬೆಳಿಗ್ಗೆ ಅದು ಪ್ರಶ್ನೆ ಕೇಳುವಾಗ ಉಸಿರು ನಿಮ್ಮ ಹತ್ರಾನೇ ಇರಬೇಕು. ಇನ್ನೊಂದು ವಿಷಯ. ನಿಧಾನಕ್ಕೆ ಹೆಚ್ಚಾಗೋದು ದಿನವಿಡೀ ಹೊರೋರಿಗೆ ಗೊತ್ತಾಗಲ್ಲ. ಹಾಗಾಗಿ ಆಮೇಲೆ ಒಂದು ಗಳಿಗೆ ಬೇರೆಯವರು ಹಿಡಿದು ನೋಡ್ಲಿ. ಆದ್ರೆ ನಿಜ ಹೇಳೋರು ಬೇಕು."

ಮೇಡಂ ತಮ್ಮ ಶಿಷ್ಯರನ್ನೆಲ್ಲ ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿ ನೋಡಿದರು. ಒಬ್ಬರೂ ಪಾಸಾಗಲಿಲ್ಲ. ಪಕ್ಕದಲ್ಲಿ ಕೊಟ್ರಪ್ಪನವರು ಮೂಸಂಬಿ ಸುಲಿದು ನೀರಿನ ಲೆಕ್ಕದಲ್ಲಿ ಎಷ್ಟು ತೊಳೆ ಕೊಡಬಹುದೆಂದು ಯೋಚಿಸುತ್ತಿದ್ದರು. ಆ ಯೋಚನೆಯೂ ಮುಖದಲ್ಲೇ ಇತ್ತು.

ಮರುದಿನ ಬೆಳಿಗ್ಗೆ ಆ್ಯಪ್ಪಿಗೆ ಉತ್ತರ ಕೊಟ್ಟ ಮೇಲೆ ಮೇಡಂ ಮುಂದಿನ ಕೋಣೆಗೆ ಬಂದು ಅಂಗೈ ಚಾಚಿದರು. ಕೊಟ್ರಪ್ಪನವರು ಸ್ಕ್ರೂಡ್ರೈವರ್ ಕೆಳಗಿಟ್ಟು, ಗ್ರೀಸಿನ ಕೈಯನ್ನು ಲುಂಗಿಗೆ ಒರೆಸಿಕೊಂಡು, ಮತ್ತೊಮ್ಮೆ ಒರೆಸಿಕೊಂಡು, ತೆಗೆದುಕೊಂಡರು. ಮೇಜಿನ ಅಂಚು ಹಿಡಿದು ಸ್ವಲ್ಪ ಹೊತ್ತು ನಿಂತರು.

"ಹೆಂಗಿದೆ?"

"ಇಳಿದ ಮೇಲೆ ಇಷ್ಟಾ? ಆವತ್ತು ಎಷ್ಟಿತ್ತೇ ಹಾಗಾದ್ರೆ?"

"ಕೇಳಿದ್ದಕ್ಕೆ ಉತ್ತರ ಹೇಳಿ."

"ಭಾರ ಇದೆ ಕಣೆ."

ಮೇಡಂ ಅವರಿಗೆ ಈ ಮಾತನ್ನು ಅದುವರೆಗೆ ಯಾರೂ ಹೇಳಿರಲಿಲ್ಲ. ಬೈಯಲು ಏನೂ ಸಿಗದೆ ಒಳಗೆ ಹೋದರು.

ಡಾಕ್ಟರ್ ನಿವೇದಿತಾ ಆ್ಯಪ್ ಮಾಡಿದವರಿಗೆ ಬರೆದು ಒಂದು ಪ್ರಶ್ನೆ ಸೇರಿಸಲು ಕೇಳಿದರು. ಅವರು ಟೈಪಿಂಗ್ ತಪ್ಪಿರಬಹುದೇ ಎಂದು ವಿಚಾರಿಸಿದರು, ಇಲ್ಲ ಎಂದ ಮೇಲೆ ಸೇರಿಸಿದರು. ಈಗ ಅದು ಎಲ್ಲಕ್ಕಿಂತ ಮೊದಲು "ತಮ್ಮ ಉಸಿರು ಪ್ರಸ್ತುತ ತಮ್ಮ ಬಳಿಯೇ ಇದೆಯೇ?" ಎಂದು ಕೇಳುತ್ತದೆ. ಬೇರೆ ಊರುಗಳಲ್ಲೂ ಕೇಳುತ್ತದಂತೆ. ಅಲ್ಲಿಯ ಜನ ಸ್ವಲ್ಪ ಯೋಚಿಸಿ ಹೌದು ಎಂದು ಒತ್ತುತ್ತಾರಂತೆ.

ಮೊನ್ನೆ ಸೋಮವಾರ ಪರದೆ ಹಸಿರಾಗಿಯೇ ಇತ್ತು. ಕೊಟ್ರಪ್ಪನವರು ಹೆಂಡತಿಯ ಏದುಸಿರು ತೆಗೆದುಕೊಂಡು ನೋಡಿ "ನಿನ್ನೆಗಿಂತ ಜಾಸ್ತಿ" ಎಂದರು. ಮೇಡಂ ವಾದಿಸಲಿಲ್ಲ. ಡಾಕ್ಟರಿಗೆ ಫೋನ್ ಮಾಡಿ, ಅವರು ಹೇಳಿದಂತೆ ನೀರಿಳಿಸುವ ಮಾತ್ರೆ ಅರ್ಧ ಹೆಚ್ಚಿಗೆ ನುಂಗಿದರು. ಮಧ್ಯಾಹ್ನದವರೆಗೆ ಬಚ್ಚಲಿಗೆ ಓಡಾಡಿದ್ದಾಯಿತು. ಆಮೇಲೆ ಬಂದು ನೋಡಿದರೆ ಕೊಟ್ರಪ್ಪನವರು ಸ್ಟೂಲಿನ ಮೇಲೆ ಹಾಗೇ ಕುಳಿತಿದ್ದರು. ಮುಂದಿದ್ದ ಫ್ಯಾನ್ ಬಿಚ್ಚಿದ್ದು ಬಿಚ್ಚಿದ ಹಾಗೇ ಇತ್ತು.

"ಒಂದು ಗಳಿಗೆ ಅಂದಿದ್ರು ಡಾಕ್ಟ್ರು. ಕೊಡಿ ಇಲ್ಲಿ."

"ಇರ್ಲಿ ಬಿಡೆ. ಇಳೀತಾ ಇದೆ. ನೋಡ್ಕೊಂಡು ಕೂತಿದೀನಿ."

"ಕಣ್ಣಲ್ಲಿ ಯಾಕೆ ನೀರು?"

"ಉಸಿರು ಸಿಗ್ತಿಲ್ಲ, ಅಷ್ಟೆ."

ಮೇಡಂ ಇನ್ನೊಂದು ಸ್ಟೂಲು ಎಳೆದುಕೊಂಡು ಎದುರು ಕುಳಿತರು. ಅಂಗೈ ಚಾಚಿದರು. ಕೊಟ್ರಪ್ಪನವರು ಅಂಗೈ ತಾಗಿಸಲಿಲ್ಲ. ಚಾಚಿದ ಕೈಯನ್ನು ಮೇಡಂ ಕೂಡ ಹಿಂದಕ್ಕೆ ತೆಗೆಯಲಿಲ್ಲ.

"ಅರ್ಧ ಇಟ್ಕೊಳ್ಳಿ ಹಾಗಾದ್ರೆ" ಎಂದರು ಕೊನೆಗೆ. ತಮ್ಮ ಅರ್ಧ ತೆಗೆದುಕೊಂಡು, ಒಲೆಯ ಮೇಲಿನ ಸಪ್ಪೆ ಸಾರು ನೋಡಲು ನಿಧಾನವಾಗಿ ಒಳಗೆ ಹೋದರು.